ಬೋರಿಂಗು ಕೆಟ್ಟಿದೆ ಎಂದು ತಿಳಿಸುತ್ತಿದ್ದ ಕಾರ್ಡು

ಸುಮಾರು ಐವತ್ತು ವರ್ಷದ ಹಿಂದೆ ತಮಿಳುನಾಡಿನ ಹಳ್ಳಿಗಳಲ್ಲಿ ಒಂದು ಪದ್ಧತಿ ಶುರುವಾಯಿತು. ಸರ್ಕಾರ ಹಾಕಿಸಿದ ಪ್ರತಿ ಕೈಪಂಪಿಗೂ ಅದೇ ಊರಿನ ಒಬ್ಬರನ್ನು ಉಸ್ತುವಾರಿಗೆ ಗೊತ್ತುಮಾಡುತ್ತಿದ್ದರು. ಸಂಬಳ ಇಲ್ಲ. ಎರಡು ದಿನದ ತರಬೇತಿ, ನಟ್ಟು ಬಿಗಿ ಮಾಡಲು ಸ್ಪ್ಯಾನರ್, ಸರಪಳಿಗೆ ಹಚ್ಚಲು ಗ್ರೀಸ್. ಜೊತೆಗೆ ಒಂದಷ್ಟು ಅಂಚೆ ಕಾರ್ಡು. ಕಾರ್ಡಿನ ಮೇಲೆ ವಿಳಾಸ ಮೊದಲೇ ಇರುತ್ತಿತ್ತು. ಪಂಪು ಕೆಟ್ಟ ದಿನ ಯಾವ ಪಂಪು, ಏನಾಗಿದೆ ಅಂತ ಬರೆದು ಡಬ್ಬಿಗೆ ಹಾಕಿದರೆ ಸುದ್ದಿ ರಿಪೇರಿಯವರಿಗೆ ಹೋಗುತ್ತಿತ್ತು.

ಕುಡಿಯುವ ನೀರಿನ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ನನ್ನ ತಲೆಯಲ್ಲಿ ಉಳಿದಿರುವುದು ಈ ಕಾರ್ಡು. ಎಷ್ಟು ಕೋಟಿ ಖರ್ಚಾಯಿತು, ಎಷ್ಟು ಬೋರ್ ಕೊರೆದರು ಎಂಬ ಲೆಕ್ಕ ಎಲ್ಲ ಸರ್ಕಾರಗಳೂ ಇಟ್ಟಿವೆ. ನೀರು ನಿಂತ ದಿನ ಆ ಸುದ್ದಿ ಯಾರಿಗೆ ಮುಟ್ಟಿತು, ಎಷ್ಟು ದಿನಕ್ಕೆ ಮುಟ್ಟಿತು, ಮುಟ್ಟಿದ ಮೇಲೆ ಸ್ಪ್ಯಾನರ್ ಹಿಡಿದವನು ಬಂದನೋ ಇಲ್ಲವೋ ಎನ್ನುವ ಚರಿತ್ರೆಯನ್ನು ಬರೆದವರು ಕಡಿಮೆ. ನಿಮ್ಮ ಬೀದಿಯ ಇವತ್ತಿನ ನಲ್ಲಿಗೂ ಅದೇ ಚರಿತ್ರೆ ಅಂಟಿಕೊಂಡಿದೆ.

ಶುರುವಿನಿಂದ ಹೇಳುತ್ತೇನೆ. 1966–67ರಲ್ಲಿ ಬಿಹಾರದಲ್ಲಿ ಭೀಕರ ಬರ ಬಂತು. ಬಾವಿಗಳು ಒಣಗಿದವು. ಆ ಹೊತ್ತಿಗೆ ಯುನಿಸೆಫ್ ಸಂಸ್ಥೆ ಕಲ್ಲು ಕೊರೆಯುವ ಹೊಸ ರಿಗ್ಗುಗಳನ್ನು ನಮ್ಮ ದೇಶಕ್ಕೆ ತಂದಿತು. ಗಾಳಿಯ ಒತ್ತಡದಿಂದ ಸುತ್ತಿಗೆಯ ಹಾಗೆ ಬಡಿಯುತ್ತಾ ಕೆಳಗಿಳಿಯುವ ರಿಗ್ಗು ಅದು. ನಮ್ಮ ಕರ್ನಾಟಕ, ಆಂಧ್ರ, ತಮಿಳುನಾಡು, ಮಹಾರಾಷ್ಟ್ರದ ನೆಲದಡಿ ಇರುವುದು ಗಟ್ಟಿ ಕಲ್ಲು. ಗುಳಿ ತೋಡಿ, ಮದ್ದು ಇಟ್ಟು ಸಿಡಿಸಿ ಬಾವಿ ತೆಗೆಯಲು ತಿಂಗಳುಗಟ್ಟಲೆ ಬೇಕಿದ್ದ ಕಡೆ ಈ ಯಂತ್ರ ಒಂದೆರಡು ದಿನದಲ್ಲಿ ಕೊರೆದು ಹೋಗುತ್ತಿತ್ತು. ಮುಂದಿನ ವರ್ಷಗಳಲ್ಲಿ ಈ ರಿಗ್ಗುಗಳು ದಕ್ಷಿಣಕ್ಕೂ ಬಂದವು. ಹಳ್ಳಿಗೊಂದು ತೂತು ಬಿದ್ದಿತು, ಅದರ ಮೇಲೆ ಒಂದು ಕೈಪಂಪು ಕೂತಿತು. ಜನ ಅದನ್ನು ಬೋರಿಂಗು ಎಂದು ಕರೆದರು. ಈಗಲೂ ನಮ್ಮ ಕಡೆ ಹಾಗೇ ಕರೆಯುತ್ತಾರೆ.

ತೂತೇನೋ ಚೆನ್ನಾಗಿತ್ತು, ಮೇಲೆ ಕೂತ ಪಂಪು ಸರಿ ಇರಲಿಲ್ಲ. ಬೀಡು ಕಬ್ಬಿಣದ ಆ ಪಂಪುಗಳು ಯೂರೋಪ್, ಅಮೆರಿಕದ ತೋಟದ ಮನೆಗಳ ಪಂಪಿನ ನಕಲು. ಅಲ್ಲಿ ಒಂದು ಮನೆಯವರು ದಿನಕ್ಕೆ ಹತ್ತಾರು ಸಲ ಹಿಡಿ ಒತ್ತುತ್ತಿದ್ದರು. ಇಲ್ಲಿ ಇಡೀ ಊರು ಬೆಳಗ್ಗೆ ನಾಲ್ಕರಿಂದ ರಾತ್ರಿಯವರೆಗೆ ಒತ್ತಬೇಕು. ಪಿನ್ನು ಸವೆಯಿತು, ಹಿಡಿ ಅಲ್ಲಾಡಿತು, ಬೀಡು ಬಿರುಕು ಬಿಟ್ಟಿತು. 1970ರ ದಶಕದ ಮಧ್ಯದಲ್ಲಿ ಯುನಿಸೆಫ್ ಹೋಗಿ ನೋಡಿಸಿದಾಗ ಹಾಕಿದ ಪಂಪುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಕೆಲಸ ಮಾಡುತ್ತಿರಲಿಲ್ಲ.

ನಾಲ್ಕರಲ್ಲಿ ಮೂರು. ಪುಸ್ತಕದಲ್ಲಿ ಮಾತ್ರ ಇವೆಲ್ಲ ಪೂರ್ತಿಯಾದ ಕಾಮಗಾರಿಗಳು. ಬೋರ್ ಕೊರೆದ ದಿನ ಒಂದು ಗೆರೆ ತುಂಬಿ ಬಿಲ್ಲು ಪಾಸಾದರೆ ಆ ಊರಿನ ನೀರಿನ ಸಮಸ್ಯೆ ಮುಗಿಯಿತು. ಕೆಟ್ಟ ದಿನ ಬರೆಯಲು ಆ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಯಾರೋ ಜೀಪು ಹತ್ತಿ ಊರೂರು ಸುತ್ತಿ, ಹಿಡಿ ಒತ್ತಿ ನೋಡಿದ್ದರಿಂದ ನಿಜ ಹೊರಗೆ ಬಂತು. ಆ ಊರುಗಳ ಹೆಂಗಸರಿಗೆ ಆ ನಿಜ ಮೊದಲ ದಿನದಿಂದಲೂ ಗೊತ್ತಿತ್ತು ಅನ್ನುವುದು ಬೇರೆ ಮಾತು. ಅವರು ಆಗಲೇ ಕೊಡ ಎತ್ತಿಕೊಂಡು ಹಳೇ ಬಾವಿಗೋ ಕೆರೆಗೋ ನಡೆಯುತ್ತಿದ್ದರು.

ಪರಿಹಾರ ಬಂದದ್ದು ದೊಡ್ಡ ಕಂಪನಿಯಿಂದಲ್ಲ. ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರ ಕಡೆ ಮಿಷನರಿಗಳು ನಡೆಸುತ್ತಿದ್ದ ಸಣ್ಣ ಕಾರ್ಯಾಗಾರಗಳಿದ್ದವು. ಸೊಲ್ಲಾಪುರ ಎಂದರೆ ನಮ್ಮ ವಿಜಯಪುರದ ನೆರೆಯೂರು, ಕನ್ನಡ ಮಾತಾಡುವ ಮನೆಗಳು ಇವತ್ತಿಗೂ ಅಲ್ಲಿ ಬೇಕಾದಷ್ಟಿವೆ. ಈ ಕಾರ್ಯಾಗಾರದವರು ಬೋರ್ ಕೊರೆದು ಹೋಗಿಬಿಡುತ್ತಿರಲಿಲ್ಲ, ತಾವು ಹಾಕಿದ ಪಂಪನ್ನು ತಾವೇ ರಿಪೇರಿ ಮಾಡಬೇಕಿತ್ತು. ಹಾಗಾಗಿ ಎಲ್ಲಿ ಸವೆಯುತ್ತದೆ ಎಂದು ಅವರ ಕೈಗೆ ಗೊತ್ತಿತ್ತು. ಬೀಡಿನ ಬದಲು ಉಕ್ಕು ಬಂತು. ಹಿಡಿಗೆ ಮೂರ್ನಾಲ್ಕು ಪಿನ್ನಿದ್ದ ಕಡೆ ಒಂದೇ ಅಚ್ಚು, ಅದಕ್ಕೆ ಬಾಲ್ ಬೇರಿಂಗ್. ಹಿಡಿಯನ್ನೂ ಕೆಳಗಿನ ಸರಳನ್ನೂ ಜೋಡಿಸಲು ಸರಪಳಿ. ಸರಪಳಿ ಇದ್ದುದರಿಂದ ಸರಳು ನೆಟ್ಟಗೆ ಮೇಲೆ ಕೆಳಗೆ ಆಡುತ್ತದೆ, ಪಕ್ಕಕ್ಕೆ ಎಳೆಯುವುದಿಲ್ಲ, ಸವೆತ ಕಡಿಮೆ. ಬೋರಿಂಗಿನ ಮುಚ್ಚಳ ತೆಗೆದು ನೋಡಿದವರಿಗೆ ಆ ಸರಪಳಿ ನೆನಪಿರುತ್ತದೆ.

ಸೊಲ್ಲಾಪುರದ ಈ ಪಂಪನ್ನೇ ಇಟ್ಟುಕೊಂಡು ಕೇಂದ್ರ ಸರ್ಕಾರ, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಮದ್ರಾಸಿನ ಸರ್ಕಾರಿ ಕಂಪನಿ ರಿಚರ್ಡ್‌ಸನ್ ಅಂಡ್ ಕ್ರುಡ್ಡಾಸ್ ಸೇರಿ ಮಾಡಿದ್ದು ಇಂಡಿಯಾ ಮಾರ್ಕ್ 2. 1976–77ರಲ್ಲಿ ಕೊಯಮತ್ತೂರಿನ ಸುತ್ತ ನೀರು ತುಂಬ ಆಳದಲ್ಲಿರುವ, ಜನ ಹೆಚ್ಚು ಬಳಸುವ ಬೋರುಗಳಿಗೆ ಹಾಕಿ ಪರೀಕ್ಷೆ ಮಾಡಿದರು. ಆಮೇಲೆ ಕಾರ್ಖಾನೆಯಲ್ಲಿ ತಯಾರಿಕೆ ಶುರು. 1979ರಲ್ಲಿ ಐಎಸ್ 9301 ಎಂಬ ಭಾರತೀಯ ಮಾನಕವೂ ಬಂತು. ಒಂದು ಸಣ್ಣ ಬದಲಾವಣೆಯನ್ನು ಇಲ್ಲಿ ಹೇಳಲೇಬೇಕು. ಪಂಪಿನ ಕಾಲನ್ನು ಬೋರಿನ ಪೈಪಿಗೆ ಕೂರಿಸದೆ ಸುತ್ತಲಿನ ಕಾಂಕ್ರೀಟಿನಲ್ಲಿ ಹೂತರು. ಇದರಿಂದ ಅಲ್ಲಾಟ ನಿಂತಿತು. ಪಾತ್ರೆ ತೊಳೆದ ಕೊಳಕು ನೀರು ಪೈಪಿನ ಪಕ್ಕದಿಂದ ಬೋರಿಗೆ ಇಳಿಯುವುದೂ ನಿಂತಿತು. ಕಟ್ಟೆ ಒಡೆದ ಬೋರಿಂಗು ನಿಮ್ಮೂರಲ್ಲಿ ಇನ್ನೂ ಬಳಕೆಯಲ್ಲಿದ್ದರೆ ಮೊದಲು ಆ ಕಟ್ಟೆ ಸರಿ ಮಾಡಿಸಿ, ಬಣ್ಣ ಆಮೇಲೆ ಹೊಡೆಸಬಹುದು.

ಕಾರ್ಖಾನೆಯಿಂದ ಹೊರಡುವ ಪಂಪುಗಳನ್ನು ತಯಾರಕರಿಗೆ ಸಂಬಂಧವಿಲ್ಲದ ಹೊರಗಿನ ತನಿಖೆದಾರರು ಪರೀಕ್ಷಿಸುವ ಏರ್ಪಾಡೂ ಆಯಿತು. ಯಾವುದು ಎಷ್ಟು ದಿನ ಬಾಳುತ್ತದೆ, ಎಲ್ಲಿ ಮುರಿಯುತ್ತದೆ ಎಂಬ ಲೆಕ್ಕ ಇಟ್ಟು, ಆ ಲೆಕ್ಕವನ್ನು ಮತ್ತೆ ಕಾರ್ಖಾನೆಗೆ ಕೊಟ್ಟು ತಿದ್ದಿಸಿದರು. ಮಾರ್ಕ್ 2 ಮುಂದೆ ಆಫ್ರಿಕಾದ ಹತ್ತಾರು ದೇಶಗಳಿಗೂ ಹೋಯಿತು. ಪಂಪಿನ ಉಕ್ಕನ್ನು ಎಲ್ಲರೂ ಹೊಗಳುತ್ತಾರೆ. ಕೆಟ್ಟದ್ದನ್ನು ಎಣಿಸುವ ಅಭ್ಯಾಸ ಇಲ್ಲದಿದ್ದರೆ ಆ ಉಕ್ಕಿನ ಪಂಪು ಹುಟ್ಟುತ್ತಲೇ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆದರೂ ಪಂಪು ಪಂಪೇ, ಒಂದು ದಿನ ಕೆಡುತ್ತದೆ. ಅದಕ್ಕೆ ಆ ಕಾರ್ಡು. ತಮಿಳುನಾಡಿನ ಪದ್ಧತಿಯಲ್ಲಿ ಮೂರು ಮೆಟ್ಟಿಲು. ಊರಲ್ಲಿ ಪಂಪು ನೋಡಿಕೊಳ್ಳುವವರು. ಅವರ ಮೇಲೆ ಸುಮಾರು ನೂರು ಪಂಪಿಗೆ ಒಬ್ಬ ಬ್ಲಾಕ್ ಮೆಕ್ಯಾನಿಕ್. ಅವನ ಮೇಲೆ ಸುಮಾರು ಐನೂರು ಪಂಪಿಗೆ ಒಂದು ವಾಹನ, ಒಂದು ತಂಡ. ಕಾಗದದ ಮೇಲೆ ಬಹಳ ಚೆಂದ. ತೊಡಕು ಇದ್ದದ್ದು ನೆಲದ ಕೆಳಗೆ. ಬೋರಿಂಗಿನಲ್ಲಿ ಹೆಚ್ಚಾಗಿ ಹೋಗುವುದು ಆಳದಲ್ಲಿರುವ ಚರ್ಮದ ವಾಷರ್. ಆ ಎರಡು ಕಾಸಿನ ವಾಷರ್ ಬದಲಿಸಲು ನೂರು, ನೂರೈವತ್ತು ಅಡಿ ಕಬ್ಬಿಣದ ಪೈಪನ್ನು ಒಂದೊಂದಾಗಿ ಬಿಚ್ಚಿ ಮೇಲೆತ್ತಬೇಕು. ಊರಿನ ಸ್ಪ್ಯಾನರಿಗೆ ಆಗುವ ಕೆಲಸ ಅಲ್ಲ, ವಾಹನ ಮತ್ತು ನಾಲ್ಕು ಆಳು ಬೇಕು. ಐನೂರು ಪಂಪಿಗೆ ಒಂದೇ ವಾಹನ ಇದ್ದಾಗ ಕಾರ್ಡು ಸರಿಯಾಗಿ ತಲುಪಿದರೂ ಸರದಿ ಬರಲು ದಿನಗಳು ಹಿಡಿಯುತ್ತವೆ. ಡೀಸೆಲ್ ಇಲ್ಲದಿದ್ದರೆ ಇನ್ನೂ ದೂರ.

ಇದನ್ನೂ ಅಳೆದು ನೋಡಿದರು. ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಹತ್ತು ವರ್ಷವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕ ಎಂದು ಘೋಷಿಸಿತ್ತು. ಆ ಕಾಲದಲ್ಲಿ ಕೊಯಮತ್ತೂರಿನಲ್ಲಿ ವರ್ಷಾನುಗಟ್ಟಲೆ ಒಂದು ಪ್ರಯೋಗ ನಡೆಯಿತು. ಯಾವ ಪಂಪು ಯಾವಾಗ ನಿಂತಿತು, ಯಾವ ಭಾಗ ಹೋಯಿತು, ರಿಪೇರಿಗೆ ಎಷ್ಟು ಜನ, ಎಷ್ಟು ಹೊತ್ತು ಎಂದು ಬರೆದಿಟ್ಟರು. ಅದರಿಂದ ಹುಟ್ಟಿದ್ದು ಮಾರ್ಕ್ 3. ಪೈಪು ಸ್ವಲ್ಪ ಅಗಲ ಮಾಡಿದ್ದರಿಂದ ಪೈಪೆತ್ತದೆ ವಾಷರ್ ಇರುವ ಭಾಗವನ್ನು ಮಾತ್ರ ಒಳಗಿನಿಂದ ಮೇಲೆಳೆಯಬಹುದು. ಊರಿನವರೇ ಮಾಡಿಕೊಳ್ಳಬಹುದು. ಆದರೆ ಅಗಲದ ಪೈಪು ತೂಕ ಹೆಚ್ಚು, ಬೆಲೆಯೂ ಹೆಚ್ಚು. ಅಷ್ಟರಲ್ಲಿ ಲಕ್ಷಾಂತರ ಮಾರ್ಕ್ 2 ನೆಲದಲ್ಲಿ ಕೂತಾಗಿತ್ತು. ಹಳೆಯದೇ ಉಳಿಯಿತು.

ನೋಡಿಕೊಳ್ಳುವವರಾಗಿ ಮೊದಮೊದಲು ಹೆಚ್ಚಾಗಿ ಗಂಡಸರನ್ನೇ ಆರಿಸಿದ್ದರು. ನೀರು ತರುವವಳು ಒಬ್ಬಳು, ಕಾರ್ಡು ಬರೆಯಬೇಕಾದವನು ಇನ್ನೊಬ್ಬ. ಇದರಲ್ಲಿರುವ ತಪ್ಪು ಅರ್ಥವಾಗಲು ಅಧಿಕಾರಿಗಳಿಗೆ ಕೆಲವು ವರ್ಷ ಬೇಕಾಯಿತು. ನಮ್ಮ ನಿಮ್ಮ ಮನೆಯ ಹೆಂಗಸರನ್ನು ಕೇಳಿದ್ದರೆ ಒಂದು ನಿಮಿಷ ಸಾಕಿತ್ತು.

ಇನ್ನು ನಮ್ಮ ರಾಜ್ಯಕ್ಕೆ ಬರುತ್ತೇನೆ. ಕರ್ನಾಟಕದ ಬೋರಿಂಗಿನ ಮಾತು ಬಂದರೆ ಅಬ್ದುಲ್ ನಜೀರ್ ಸಾಬ್ ಹೆಸರು ಬರಲೇಬೇಕು. ಗುಂಡ್ಲುಪೇಟೆಯವರು. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಬರದ ವರ್ಷಗಳವು. ಹಳ್ಳಿ ಹಳ್ಳಿಗೆ ಬೋರ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1988ರಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ. ಅವರನ್ನು ನೀರಿನ ಹೆಸರಿನಲ್ಲಿ ಮಾತ್ರ ನೆನೆಯುವುದು ಅರ್ಧ ನೆನಪು. ಇನ್ನರ್ಧ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ. ಆ ಕಾನೂನಿನ ಪ್ರಕಾರ 1987ರಲ್ಲಿ ಚುನಾವಣೆ ನಡೆದು ಅಧಿಕಾರ ಕೆಳಗಿಳಿಯಿತು. ಬೋರಿಂಗು ಕೆಟ್ಟರೆ ಬೆಂಗಳೂರಿಗೆ ಅರ್ಜಿ ಬರೆಯುವ ಬದಲು ಮಂಡಲದ ಪ್ರಧಾನರ ಮನೆ ಬಾಗಿಲು ಬಡಿಯಬಹುದಾಯಿತು. ಬೋರನ್ನೂ ಬಾಗಿಲನ್ನೂ ಒಬ್ಬರೇ ಮಂತ್ರಿ ಕೊಟ್ಟದ್ದು ಕಾಕತಾಳೀಯ ಅಲ್ಲ ಅಂತ ನನಗೆ ಅನಿಸುತ್ತದೆ.

ಆಗಿನ ಸರ್ಕಾರಿ ಅಳತೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ತಲೆಗೆ ದಿನಕ್ಕೆ 40 ಲೀಟರ್ ನೀರು, 250 ಜನಕ್ಕೆ ಒಂದು ಬೋರಿಂಗು. ಅಂದರೆ ಒಂದು ಬೋರಿಂಗು ದಿನಕ್ಕೆ 10,000 ಲೀಟರ್ ಕೊಡಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಮಾರ್ಕ್ 2 ನಿಮಿಷಕ್ಕೆ 12ರಿಂದ 15 ಲೀಟರ್ ಕೊಡುತ್ತದೆ. ಹಾಗಾದರೆ ಹಿಡಿ 11ರಿಂದ 14 ಗಂಟೆ ಒಂದು ಕ್ಷಣವೂ ನಿಲ್ಲದೆ ಆಡುತ್ತಿರಬೇಕು. ಕೊಡ ಇಳಿಸಿ ಇನ್ನೊಂದು ಇಡುವಷ್ಟೂ ಬಿಡುವಿಲ್ಲ. ಯಾವ ಊರಲ್ಲಿ ಹಾಗೆ ನಡೆದೀತು? ಎಲ್ಲ ಪಂಪು ಓಡುತ್ತಿದ್ದರೂ 40 ಲೀಟರ್ ಸಿಗುವುದು ಕಷ್ಟವೇ ಇತ್ತು. ಆದರೂ ಪುಸ್ತಕದಲ್ಲಿ ಆ ಊರು ನೀರು ಸಿಕ್ಕಿರುವ ಊರು.

ಇದೇ ಕಾಲದಲ್ಲಿ ಇನ್ನೊಂದು ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ನಾರು ಹುಣ್ಣು ಹಿರಿಯರಿಗೆ ನೆನಪಿರುತ್ತದೆ. ಮೆಟ್ಟಿಲು ಬಾವಿಗೆ, ಕೆರೆಗೆ ಕಾಲಿಟ್ಟು ನೀರು ತುಂಬುವ ಕಡೆ ಹರಡುತ್ತಿದ್ದ ಕಾಯಿಲೆ. ವರ್ಷ ಕಳೆದ ಮೇಲೆ ಕಾಲಿನಿಂದ ದಾರದಂಥ ಉದ್ದನೆಯ ಹುಳು ಹೊರಬರುತ್ತಿತ್ತು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಇತ್ತು. 1980ರ ದಶಕದ ಆರಂಭದಲ್ಲಿ ಇದನ್ನು ಬೇರುಸಹಿತ ಕೀಳುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಮೆಟ್ಟಿಲು ಬಾವಿ ಮುಚ್ಚಿಸಿ ಬೋರಿಂಗು ಹಾಕಿದರು, ನೀರು ಸೋಸಲು ಬಟ್ಟೆ ಹಂಚಿದರು. ಅದಕ್ಕಿಂತ ಮುಖ್ಯವಾಗಿ, ಯಾರಾದರೂ ದೂರು ತರಲಿ ಎಂದು ಆರೋಗ್ಯ ಕಾರ್ಯಕರ್ತರು ಕಾಯುತ್ತಾ ಕೂರಲಿಲ್ಲ. ಮನೆ ಮನೆಗೆ ಹೋಗಿ ಹುಡುಕಿದರು. ಒಂದು ಸಲ ಅಲ್ಲ, ವರ್ಷ ವರ್ಷ ಮತ್ತೆ ಮತ್ತೆ. ರೋಗಿಗಳು ಕಡಿಮೆಯಾದ ಮೇಲೆ ಸುದ್ದಿ ಕೊಟ್ಟವರಿಗೆ ಬಹುಮಾನ ಇಟ್ಟರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ನಾರು ಹುಣ್ಣು ಇಲ್ಲ ಎಂದು ಪ್ರಮಾಣಪತ್ರ ಕೊಟ್ಟಿತು. ಕೊನೆಯ ರೋಗಿ ಸಿಕ್ಕಿದ ಮೇಲೂ ಮೂರ್ನಾಲ್ಕು ವರ್ಷ ಹುಡುಕಿದ್ದರು ಎನ್ನುವುದನ್ನು ಗಮನಿಸಿ. ಕೆಟ್ಟ ಬೋರಿಂಗುಗಳನ್ನು ಯಾರೂ ಹೀಗೆ ಹುಡುಕಿಕೊಂಡು ಹೋಗಲಿಲ್ಲ. ಅಲ್ಲಿ ಕಾರ್ಡು ಬರಲಿ ಎಂದು ಕಾದರು.

ದೆಹಲಿಯ ಲೆಕ್ಕದಲ್ಲಿ ಊರುಗಳಿಗೆ ಮೂರು ಹೆಸರಿದ್ದವು. ಪೂರ್ತಿ ನೀರು ಸಿಕ್ಕ ಊರು, ಅರ್ಧಂಬರ್ಧ ಸಿಕ್ಕ ಊರು, ಸಿಗದ ಊರು. 1972–73ರಲ್ಲಿ ಶುರುವಾದ ತ್ವರಿತ ಗ್ರಾಮೀಣ ನೀರು ಸರಬರಾಜು ಯೋಜನೆ, 1986ರ ಕುಡಿಯುವ ನೀರಿನ ಮಿಷನ್, 2005ರ ಭಾರತ್ ನಿರ್ಮಾಣ್, 2009ರ ರಾಷ್ಟ್ರೀಯ ಗ್ರಾಮೀಣ ಕುಡಿಯುವ ನೀರಿನ ಕಾರ್ಯಕ್ರಮ, ಹೀಗೆ ಹೆಸರು ಬದಲಾಗುತ್ತಾ ಹೋಯಿತು. ಪ್ರತಿ ಸಲವೂ ಸಿಗದ ಊರುಗಳನ್ನು ಸಿಕ್ಕ ಊರಿನ ಪಟ್ಟಿಗೆ ಸೇರಿಸಿ ಮುಗಿಸುತ್ತೇವೆ ಎಂದರು. ಪ್ರತಿ ಸಲ ಹೊಸದಾಗಿ ಎಣಿಸಿದಾಗ ಸಿಕ್ಕಿದ್ದ ಊರುಗಳೇ ಮತ್ತೆ ಸಿಗದ ಪಟ್ಟಿಯಲ್ಲಿ ಕಂಡವು. ಅಧಿಕಾರಿಗಳ ಭಾಷೆಯಲ್ಲಿ ಇದಕ್ಕೆ ಸ್ಲಿಪ್ ಬ್ಯಾಕ್ ಎನ್ನುತ್ತಾರೆ. ಊರೇ ಕಾಲು ಜಾರಿ ಹಿಂದಕ್ಕೆ ಬಿದ್ದ ಹಾಗೆ! ಜಾರಿದ್ದು ಊರಲ್ಲ. ಅಂತರ್ಜಲ ಇಳಿಯಿತು, ಬೋರ್ ಬತ್ತಿತು, ಮೋಟಾರ್ ಸುಟ್ಟಿತು, ಫ್ಲೋರೈಡ್ ಬಂತು.

ಇಲ್ಲಿ ನನ್ನದೂ ಒಂದು ತಪ್ಪಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನ ಓವರ್‌ಹೆಡ್ ಟ್ಯಾಂಕ್ ಉದ್ಘಾಟನೆಯ ಸುದ್ದಿ ಬರೆದಿದ್ದೆ. ಹಾರ, ತೆಂಗಿನಕಾಯಿ, ನಲ್ಲಿ ತಿರುಗಿಸುವ ಫೋಟೊ. ನಾಲ್ಕು ಕಾಲಮ್ಮು ಬಂತು, ಖುಷಿಯಾಗಿತ್ತು. ಎರಡು ವರ್ಷದ ಮೇಲೆ ಬೇರೆ ಕೆಲಸಕ್ಕೆ ಅದೇ ಊರಿಗೆ ಹೋದಾಗ ಆ ಟ್ಯಾಂಕಿಗೆ ನೀರು ಹತ್ತದೆ ತಿಂಗಳುಗಳೇ ಆಗಿದ್ದವು. ಒಬ್ಬ ಅಜ್ಜಿ ನನ್ನ ಗುರುತು ಹಿಡಿದು, "ಅವತ್ತು ಫೋಟೊ ಹೊಡ್ಕೊಂಡು ಹೋದವನು ನೀನೇ ಅಲ್ವಾ?" ಅಂದರು. ಕಡತದ ಕಾಲಮ್ಮಿನ ಬಗ್ಗೆ ಮೇಲೆ ಬರೆದೆನಲ್ಲ, ನನ್ನ ಪತ್ರಿಕೆಯಲ್ಲೂ ಉದ್ಘಾಟನೆಗೆ ಜಾಗ ಇತ್ತು, ನಿಂತ ದಿನಕ್ಕೆ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಬೋರಿಂಗಿನಿಂದ ನಲ್ಲಿಗೆ ಬಂದ ಮೇಲೆ ಈ ವಿಚಾರ ಇನ್ನೂ ಸಿಕ್ಕಾಯಿತು. ಸಣ್ಣ ಊರಿಗೆ ಬೋರಿಂಗು, ಸ್ವಲ್ಪ ದೊಡ್ಡದಕ್ಕೆ ಮಿನಿ ಟ್ಯಾಂಕು, ಇನ್ನೂ ದೊಡ್ಡದಕ್ಕೆ ಓವರ್‌ಹೆಡ್ ಟ್ಯಾಂಕು ಮತ್ತು ಬೀದಿ ನಲ್ಲಿ ಎಂಬ ಕ್ರಮದಲ್ಲಿ ಕರ್ನಾಟಕ ಮುಂದೆ ಹೋಯಿತು. ನೀರು ಕೈಪಂಪಿನ ಅಳವಿಗಿಂತ ಕೆಳಗಿಳಿದ ಕಡೆ ಬೇರೆ ದಾರಿಯೂ ಇರಲಿಲ್ಲ. ಬೋರಿಂಗು ಕೆಟ್ಟರೆ ಇಡೀ ಊರಿಗೆ ಗೊತ್ತಾಗುತ್ತದೆ. ಹಿಡಿ ಒತ್ತಿದರೆ ನೀರು ಬರುತ್ತದೆ ಇಲ್ಲವೇ ಬರುವುದಿಲ್ಲ. ನಲ್ಲಿ ಹಾಗಲ್ಲ. ಟ್ಯಾಂಕಿನ ಪಕ್ಕದ ಬೀದಿಗೆ ರಭಸವಾಗಿ ಬರುತ್ತದೆ, ಏರಿಯ ಮೇಲಿನ ಕಡೇ ಬೀದಿಗೆ ಬರೀ ಗಾಳಿ ಬುಸ್ ಎನ್ನುತ್ತದೆ. ಮೊದಲ ಬೀದಿಯಲ್ಲಿ ಯಾರು ಇರುತ್ತಾರೆ, ಕಡೇ ಬೀದಿಯಲ್ಲಿ ಯಾರ ಕೇರಿ ಇರುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಒಬ್ಬರು ಮೋಟಾರಿಟ್ಟು ಪೈಪಿನಿಂದಲೇ ಎಳೆದರೆ ಮುಗಿಯಿತು. ಕಡೇ ಮನೆಯವರ ತೊಂದರೆ ಕಡೇ ಮನೆಯವರಿಗೆ ಮಾತ್ರ ಗೊತ್ತು. ಊರಿಗೆ ನೀರು ಬರುತ್ತಿದೆ ಎಂದು ಪುಸ್ತಕದಲ್ಲಿ ಬರೆದದ್ದು ಸುಳ್ಳೂ ಅಲ್ಲ.

ಈ ಇಡೀ ವ್ಯವಸ್ಥೆಯನ್ನು ಬಲ್ಲವನು ಒಬ್ಬನೇ, ವಾಲ್ವ್ ತಿರುಗಿಸುವವನು. ವಾಟರ್‌ಮನ್ ಅನ್ನಿ, ನೀರುಗಂಟಿ ಅನ್ನಿ. ನೀರುಗಂಟಿ ಹಳೆಯ ಹೆಸರು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೀರು ಬಿಡುತ್ತಿದ್ದವನು, ಸುಗ್ಗಿಯಲ್ಲಿ ಊರಿನಿಂದ ಕಾಳು ಪಡೆಯುತ್ತಿದ್ದವನು. ಗದ್ದೆ ಒಣಗಿದರೆ ಅವನ ಪಾಲಿನ ಕಾಳಿಗೂ ಏಟು ಬೀಳುತ್ತಿತ್ತು. ಈಗಿನ ನೀರುಗಂಟಿ ಪಂಚಾಯಿತಿಯ ನೌಕರ. ಯಾವ ಬೀದಿಗೆ ಎಷ್ಟು ನಿಮಿಷ ಬಿಟ್ಟ, ಮೋಟಾರ್ ಯಾವತ್ತು ಸುಟ್ಟಿತು, ರಿವೈಂಡಿಂಗ್ ಎಷ್ಟು ದಿನ ತೆಗೆದುಕೊಂಡಿತು, ಎಲ್ಲ ಅವನ ತಲೆಯಲ್ಲಿದೆ. ಅದನ್ನು ಬರೆದಿಡಿ ಎಂದು ಅವನಿಗೆ ಒಂದು ಪುಸ್ತಕ ಕೊಟ್ಟವರನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಕಾರ್ಡಿನ ಜಾಗಕ್ಕೆ ಮೊಬೈಲ್ ಬಂದ ಕತೆ ಕೀನ್ಯಾ ದೇಶದ್ದು. ಅಲ್ಲಿನ ಕ್ಯೂಸೊ ಎಂಬ ಒಣ ಪ್ರದೇಶದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಸುಮಾರು ಹತ್ತು ವರ್ಷದ ಹಿಂದೆ ಕೈಪಂಪುಗಳ ಹಿಡಿಯೊಳಗೆ ಸಣ್ಣ ಯಂತ್ರ ಇಟ್ಟರು. ಹಿಡಿ ಎಷ್ಟು ಸಲ ಆಡಿತು ಎಂದು ಎಣಿಸಿ ಅದು ತಾನೇ ಎಸ್‌ಎಂಎಸ್ ಕಳಿಸುತ್ತಿತ್ತು. ಹಿಡಿ ಆಡದಿದ್ದರೆ ಪಂಪು ಕೆಟ್ಟಿದೆ ಎಂದರ್ಥ. ಮೊದಲು ಪಂಪು ಕೆಟ್ಟರೆ ಸರಿಯಾಗಲು ಸರಾಸರಿ 27 ದಿನ ಹಿಡಿಯುತ್ತಿದ್ದದ್ದು ಮೂರು ದಿನದೊಳಗೆ ಬಂತು. ಈ ಸುದ್ದಿ ಓದಿದವರೆಲ್ಲ ಯಂತ್ರವನ್ನು ಹೊಗಳಿದರು. ಯಂತ್ರದ ಜೊತೆಗೆ ಇನ್ನೊಂದು ಸಂಗತಿ ಇತ್ತು. ಎಸ್‌ಎಂಎಸ್ ಬಂದ ಕೂಡಲೇ ಬೈಕ್ ಹತ್ತಲು, ಸಾಮಾನು ಕೈಯಲ್ಲಿಟ್ಟುಕೊಂಡ ಮೆಕ್ಯಾನಿಕ್ಕುಗಳು ಅದೇ ಕೆಲಸಕ್ಕೆಂದು ಕಾದಿದ್ದರು. ಅವರಿಲ್ಲದಿದ್ದರೆ ಎಸ್‌ಎಂಎಸ್ಸೂ ಐನೂರು ಪಂಪಿನ ವಾಹನದ ಮುಂದೆ ಸರದಿಯಲ್ಲಿ ನಿಂತ ಕಾರ್ಡೇ ಆಗುತ್ತಿತ್ತು. ಅದೇ ಕಾಲದ ಇನ್ನೊಂದು ಅಂದಾಜಿನ ಪ್ರಕಾರ ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾದ 20 ದೇಶಗಳಲ್ಲಿ ನೂರಕ್ಕೆ 36 ಕೈಪಂಪುಗಳು ಕೆಟ್ಟು ನಿಂತಿದ್ದವು. ಅವುಗಳಲ್ಲಿ ನಮ್ಮ ಮಾರ್ಕ್ 2 ಪಂಪುಗಳೂ ಇದ್ದವು. ಅದೇ ಉಕ್ಕು, ಅದೇ ಸರಪಳಿ.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಎಂದು ಹೆಸರು. ಆಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದ ಮನೆಗಳು ನೂರಕ್ಕೆ 17. ಈಗ ಐದರಲ್ಲಿ ನಾಲ್ಕು ಮನೆಗೆ ಇದೆ ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಈ ಯೋಜನೆಯ ಒಂದು ಪದವನ್ನು ನಾನು ಮೆಚ್ಚುತ್ತೇನೆ. ಬರೀ ನಲ್ಲಿ ಎನ್ನದೆ ಕೆಲಸ ಮಾಡುವ ನಲ್ಲಿ ಎಂದು ಬರೆದಿದ್ದಾರೆ. ತಲೆಗೆ ದಿನಕ್ಕೆ 55 ಲೀಟರ್, ಕುಡಿಯಲು ಯೋಗ್ಯವಾದ ನೀರು, ತಪ್ಪದೆ ಬರಬೇಕು. ಐದು ಜನರ ಮನೆಗೆ ಅಂದರೆ 275 ಲೀಟರ್. ನಿಮ್ಮ ಕೊಡ 15 ಲೀಟರಿನದಾದರೆ ಹದಿನೆಂಟು ಕೊಡದ ಮೇಲೆ ಸ್ವಲ್ಪ. ನಾಳೆ ನೀರು ಬಿಟ್ಟಾಗ ಎಣಿಸಿ ನೋಡಿ. ದಿನ ಬಿಟ್ಟು ದಿನ ಬರುತ್ತಿದ್ದರೆ ಮೂವತ್ತೇಳು ಕೊಡ ಬರಬೇಕು.

ಇದನ್ನು ಸರ್ಕಾರವೇ 2022ರಲ್ಲಿ ಬೇರೆಯವರಿಂದ ಮನೆ ಮನೆಗೆ ಹೋಗಿ ಪರೀಕ್ಷೆ ಮಾಡಿಸಿತು. ಪ್ರಮಾಣ, ಗುಣ, ಕ್ರಮ ಮೂರೂ ಸರಿ ಇದ್ದ ಮನೆಗಳು ನೂರಕ್ಕೆ 62. ಹಳೆಯ ನಾಲ್ಕರಲ್ಲಿ ಒಂದಕ್ಕೆ ಹೋಲಿಸಿದರೆ ಬಹಳ ಮುಂದೆ ಬಂದಿದ್ದೇವೆ, ಇದನ್ನು ಒಪ್ಪದಿರುವುದು ಅನ್ಯಾಯ. ಆದರೆ ಉಳಿದ 38 ಮನೆಗಳಿಗೂ ಕಡತದಲ್ಲಿ ನಲ್ಲಿ ಇದೆ.

ಗುಣದ ವಿಷಯ ಕಣ್ಣಿಗೆ ಕಾಣುವಂಥದ್ದಲ್ಲ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂದಿದೆ, ನಾಲಿಗೆಗೆ ಅದು ಗೊತ್ತಾಗುವುದಿಲ್ಲ. ಮಲದ ಕಲುಷಿತ ಸೇರಿದೆಯೇ ಎಂದು ತಿಳಿಯಲು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ಮೂವರು ವಿಜ್ಞಾನಿಗಳು 1982ರಲ್ಲೇ ಸುಲಭದ ಪರೀಕ್ಷೆ ಕೊಟ್ಟಿದ್ದಾರೆ. ಆ ಪರೀಕ್ಷೆಯ ಸಣ್ಣ ಬಾಟಲಿಗೆ ನೀರು ತುಂಬಿ ಬೆಚ್ಚಗಿಟ್ಟರೆ, ಮಲ ಸೇರಿದ್ದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕಪ್ಪಾದರೆ ಆ ನೀರು ಕಾಯಿಸದೆ ಕುಡಿಯಬೇಡಿ. ಈಗ ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು ಎಂದು ನಿಯಮವಿದೆ. ನಿಮ್ಮೂರಿನ ಆ ಐವರು ಯಾರು, ಕಿಟ್ ಎಲ್ಲಿದೆ, ಕಳೆದ ಸಲ ಯಾವಾಗ ತೆರೆದದ್ದು ಎಂದು ಪಂಚಾಯಿತಿಯಲ್ಲಿ ಕೇಳಬಹುದು. ನಾನು ಕೇಳಿದ ಒಂದು ಊರಿನಲ್ಲಿ ಕಿಟ್ ಬೀರುವಿನಲ್ಲಿತ್ತು, ಬೀರುವಿನ ಕೀಲಿ ರಜೆಯ ಮೇಲಿದ್ದವರ ಬಳಿ ಇತ್ತು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಎಲ್ಲ ಮನೆಗೂ ನಲ್ಲಿ ಬಂದಿದೆ ಎಂದು ಇಲಾಖೆ ವರದಿ ಮಾಡಿದರೆ ಕೆಲಸ ಮುಗಿಯುವುದಿಲ್ಲ. ಆಮೇಲೆ ಗ್ರಾಮಸಭೆ ಕೂತು, ಹೌದು, ಎಲ್ಲ ಮನೆಗೆ, ಶಾಲೆಗೆ, ಅಂಗನವಾಡಿಗೆ ನೀರು ಬರುತ್ತಿದೆ ಎಂದು ಠರಾವು ಮಾಡಬೇಕು. ಆಗಲೇ ಊರು ದೃಢೀಕೃತ ಎಂಬ ಪಟ್ಟಿಗೆ ಹೋಗುತ್ತದೆ. ಮಿಷನ್ನಿನ ವೆಬ್‌ಸೈಟಿನಲ್ಲಿ ವರದಿ ಆದ ಊರು ಬೇರೆ, ದೃಢೀಕರಣ ಆದ ಊರು ಬೇರೆ ಎಂದು ತೋರಿಸುತ್ತಾರೆ. ನಿಮ್ಮ ಊರಿನ ಹೆಸರನ್ನು ಇದೇ ಫೋನಿನಲ್ಲಿ ಹುಡುಕಬಹುದು. ಠರಾವಿಗೆ ಸಹಿ ಹಾಕುವ ಮುಂಚೆ ಕಡೇ ಬೀದಿಯವರನ್ನು ಕೇಳಿದ್ದಾರೆಯೇ ಎಂದು ನೋಡಿಕೊಳ್ಳಿ.

ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಊರಿನ ಗ್ರಾಮಸಭೆಗೆ ಹೋಗಿದ್ದೆ. ನೀರಿನ ವಿಷಯ ಬಂದಾಗ ದಿನ ಬಿಟ್ಟು ದಿನ ಬಿಡುತ್ತಿದ್ದೇವೆ ಎಂದು ಓದಿದರು. ಕಡೇ ಬೀದಿಯ ಒಬ್ಬ ಹೆಂಗಸು ಎದ್ದು ಮನೆಗೆ ಹೋದರು. ಸಿಟ್ಟಿನಿಂದ ಹೋದರೇನೋ ಅಂದುಕೊಂಡೆವು. ಐದು ನಿಮಿಷದಲ್ಲಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚಿಕೊಂಡು ಬಂದರು. ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು. ಹಾಲಿನ ಲೀಟರಿನ ಪಕ್ಕದಲ್ಲಿ ನೀರು ಬಂದ ದಿನಗಳಿಗೆ ಸೊನ್ನೆ ಸುತ್ತಿದ್ದರು, ಎಷ್ಟು ಕೊಡ ಎಂದೂ ಬರೆದಿದ್ದರು. ಆ ತಿಂಗಳಲ್ಲಿ ಒಂಬತ್ತು ಸೊನ್ನೆ. ನೀರುಗಂಟಿ ಮೊದಲು ತಲೆ ತಗ್ಗಿಸಿದ. ಆಮೇಲೆ ಬಂದು ಕ್ಯಾಲೆಂಡರ್ ನೋಡಿ, "ಹೌದು, ಈ ವಾರ ಮೋಟಾರ್ ಇಳಿಸಿದ್ವಿ, ಇಲ್ಲಿ ವೋಲ್ಟೇಜ್ ಇರ್ಲಿಲ್ಲ" ಎಂದು ಬೆರಳಿಟ್ಟು ತೋರಿಸತೊಡಗಿದ. ಪುಸ್ತಕದವರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಸಭೆ ಮುಗಿಯುವ ಹೊತ್ತಿಗೆ ಪಕ್ಕದ ಮನೆಯವಳು ನಮ್ಮದನ್ನೂ ಬರೆದಿಡು ಎಂದು ಹೇಳುತ್ತಿದ್ದಳು, ಇವರು ಅದಕ್ಕೆ ಕೆಂಪು ಪೆನ್ನು ಬೇಕು ಎನ್ನುತ್ತಿದ್ದರು.